ಕಾಳಿ ಎಂಬ ಬೇಟೆನಾಯಿ

ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪದಲ್ಲಿ, ನನ್ನ ಅಜ್ಜನವರ ಮನೆಯಿತ್ತು. ಆ ಮನೆಯಲ್ಲಿ ಬೊಳ್ಳು ಎಂಬುದೊಂದು ನಾಯಿ. ತುಳುವಿನಲ್ಲಿ ಬಿಳುಪಿಗೆ ಸಂಬಂಧಿಸಿದ ಹೆಸರು ಅದು. ನಾಯಿಯ ಎದೆಯ ಮೇಲೆ ಅಂಗೈಯಗಲದ ಬಿಳಿಯ ಮಚ್ಚೆಯಿತ್ತು. ದಿನವಿಡೀ ಅಂಗಳದ ಮೂಲೆಯಲ್ಲಿ ಮಲಗಿರುತ್ತಿದ್ದ ಆ ಸೋಮಾರಿ, ಅಜ್ಜ ಈಟಿಯನ್ನು ಕೈಗೆತ್ತಿಕೊಂಡೊಡನೆ ಬೇರೆಯೇ ಪ್ರಾಣಿಯಾಗುತ್ತಿತ್ತು.

ಫೆಬ್ರವರಿ ತಿಂಗಳಿನಲ್ಲಿ ತುಳುನಾಡಿನವರು ಕೆಡ್ಡಸವೆಂಬ ಹಬ್ಬವನ್ನು ಆಚರಿಸುತ್ತಾರೆ. ಆ ದಿನಗಳಲ್ಲಿ ಭೂಮಿತಾಯಿ ಋತುಮತಿಯಾಗುವಳೆಂಬ ನಂಬಿಕೆಯಿಂದ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಹಿಂದೆ ಗಂಡಸರು ಆಗ ಕಾಡುಹಂದಿಯ ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅಂಥ ಬೇಟೆ ಅಪರಾಧವಾಗಿದೆ. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ಮಾತು.

ಬೇಟೆಯಲ್ಲಿ ಹಂದಿಯನ್ನು ಕೊಲ್ಲುವುದು ನಾಯಿಯ ಕೆಲಸವಲ್ಲ. ಜಾಡು ಹಿಡಿಯುವುದು, ಪೊದೆಯಿಂದ ಎಬ್ಬಿಸುವುದು, ಈಟಿಯವರು ಬರುವವರೆಗೆ ಸುತ್ತುವರಿದು ಬೊಗಳುತ್ತ ತಡೆದು ನಿಲ್ಲಿಸುವುದು, ಇಷ್ಟೇ ಅದರ ಪಾಲಿನದು. ಆದರೆ ಈ 'ಇಷ್ಟೇ' ಎಂಬುದರಲ್ಲಿ ಪ್ರಾಣವೇ ಪಣವಾಗಿರುತ್ತದೆ. ಹಂದಿಯು ತಲೆಯನ್ನು ತಗ್ಗಿಸಿ ನುಗ್ಗಿ, ಕೋರೆಯನ್ನು ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಎದುರಿಗೆ ಸಿಕ್ಕ ನಾಯಿಯ ಹೊಟ್ಟೆ ಬಗೆದುಹೋಗುತ್ತದೆ. ಅನುಭವವುಳ್ಳ ನಾಯಿ ಮುಂಭಾಗಕ್ಕೆ ಸುಳಿಯದೆ ಹಿಂಗಾಲಿಗೆ ಬಾಯಿ ಹಾಕಿ ಹಾರಿ ಹಿಂದೆ ಸರಿಯುತ್ತದೆ. ಬೊಳ್ಳು ಅಂಥ ಜಾಣ ನಾಯಿ. ಆದರೂ 1969ರ ಕೆಡ್ಡಸದ ದಿನ ಅದನ್ನು ಅಜ್ಜ ತಮ್ಮ ಮುಂಡಾಸಿನಲ್ಲಿ ಸುತ್ತಿ ಹೊತ್ತುಕೊಂಡು ಬಂದರು. ಆಗ ನನಗೆ ಒಂಬತ್ತು ವರ್ಷ. ಆ ರಾತ್ರಿ ಅಜ್ಜ ಊಟ ಮಾಡಲಿಲ್ಲ. ನಾಯಿಗಾಗಿ ಊಟ ಬಿಡುವುದೇ ಎಂದು ನೆರೆಯವರು ನಕ್ಕದ್ದುಂಟು.

ಮುಂದೆ ಎಂ.ಎ. ತರಗತಿಯಲ್ಲಿ ಹಳಗನ್ನಡದ ಶಾಸನಗಳನ್ನು ಓದುವಾಗ ಆತಕೂರಿನ ಶಾಸನ ಎದುರಾಯಿತು. ನಕ್ಕವರಿಗೆ ಅದನ್ನು ಓದಿ ಹೇಳಬೇಕೆನಿಸಿತು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಶಾಸನದ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ಆಗ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲಂ ಎಂಬಲ್ಲಿ ಘೋರ ಯುದ್ಧ ನಡೆಯಿತು. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರಾಜ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅದಕ್ಕೆ ಪ್ರತಿಯಾಗಿ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳು ಅವನಿಗೆ ದೊರೆತವು. ಬೂತುಗನ ಬಂಟನಾದ ಮಣಲೇರನೂ ಆ ಯುದ್ಧದಲ್ಲಿ ಮುನ್ನುಗ್ಗಿ ಹೋರಾಡಿದ್ದನು. ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು!

ಅವನಿಗೆ ಭೂಮಿಯೂ ದೊರೆಯಿತು. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬೂತುಗನು ಅವನಿಗೆ 'ಬಾಳ್ಗಚ್ಚು' ಆಗಿ ಕೊಟ್ಟನು. ಬಾಳು ಎಂದರೆ ಕತ್ತಿ. ಕತ್ತಿಯನ್ನು ತೊಳೆದು ವೀರನಿಗೆ ಕೊಡುವ ಭೂಮಿಯೇ ಬಾಳ್ಗಚ್ಚು. ಆದರೆ ಅವನಾಗಿ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು ಮಾತ್ರ. ನಾಯಿಯ ಬೆಲೆಯನ್ನು ಅರಿತವನ ಬೇಡಿಕೆ ಅದು.

ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ದಿಬ್ಬದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಶಾಸನ ಇದನ್ನು ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ. ಬೊಳ್ಳುವನ್ನು ಕಂಡಿದ್ದ ನನಗೆ ಹೆಚ್ಚಿನ ವಿವರ ಬೇಕಾಗಲಿಲ್ಲ.

ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದನು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ದತ್ತಿ ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಅಲ್ಲಿಯ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಗಲುವುದೆಂಬ ಕಟ್ಟಳೆಯೂ ಇದೆ. ದಾನವನ್ನು ಕೆಡಿಸುವವನಿಗೆ ಕವಿಲೆಯನ್ನು ಕೊಂದ ಪಾಪವೆಂದು ಅನೇಕ ಶಾಸನಗಳು ಹೇಳುತ್ತವೆ; ಇಲ್ಲಿ ನಾಯಿಯ ಪಾಪ. ಬಾಳಿನುದ್ದಕ್ಕೂ ಬೇಟೆಯಾಡಿದ ನಾಯಿಯ ಕೊಲೆಗಳ ಲೆಕ್ಕವೇ ಅದಿರಬೇಕೆಂದು ನಾನು ತಿಳಿಯುತ್ತೇನೆ.

ನಾಯಿಗೆ ಕಲ್ಲಿನಲ್ಲಿ ಸ್ಥಾನ ದೊರೆತುದು ಇದೇ ಮೊದಲಲ್ಲ. ತಮಿಳುನಾಡಿನ ಎಡುತ್ತನೂರಿನ ಏಳನೆಯ ಶತಮಾನದ ವೀರಗಲ್ಲೊಂದರಲ್ಲಿ, ಕಳ್ಳರನ್ನು ಕಚ್ಚಿ ಕಾದಿದ ಕೋವಿವನ್ ಎಂಬ ನಾಯಿ ತನ್ನ ಒಡೆಯನ ಹಿಂದೆ ನಿಂತಿದೆ. ಆತಕೂರಿನ ಕಲ್ಲಿನಲ್ಲಿ ಒಡೆಯನ ಚಿತ್ರವಿಲ್ಲ. ಹಂದಿಯೊಡನೆ ಸೆಣಸುವ ಕಾಳಿ ಮಾತ್ರ ಇದೆ. ತಕ್ಕೋಲದ ಕದನಕ್ಕೆ ಇಂದು ಮುಖ್ಯವಾದ ಆಧಾರಗಳಲ್ಲೊಂದು ಈ ನಾಯಿಯ ಕಲ್ಲು.

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಅದರ ಮುಂದೆ ಬಹಳ ಹೊತ್ತು ನಿಂತುಬಿಟ್ಟೆನು. ಮಕ್ಕಳು ಬೇಸತ್ತು ಮುಂದಿನ ಕೋಣೆಗೆ ಓಡಿದರು.

ಬೊಳ್ಳುವನ್ನು ಹೂಳಿದ ಜಾಗದಲ್ಲಿ, ನರಿಗಳು ಕೆದಕದಿರಲೆಂದು ಅಜ್ಜ ಒಂದು ಮುರಕಲ್ಲನ್ನು ಇಟ್ಟಿದ್ದರು. ತೋಟ ಪಾಲಾದ ಮೇಲೆ ಯಾರೋ ಅದನ್ನು ಎತ್ತಿ ಕಟ್ಟೆಗೆ ಸೇರಿಸಿದರು. ಯಾವ ಕಲ್ಲೆಂದು ಈಗ ಗುರುತು ಸಿಗುವುದಿಲ್ಲ.