ಚಂದ್ರನ ನೆಲದ ಹಗುರ ಬಂಡಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕಬ್ಬಿನ ಕಟಾವು ನಡೆಯುವ ದಿನಗಳಲ್ಲಿ, ನಾಲೆಯ ಬದಿಯ ಹಸಿ ನೆಲದಲ್ಲಿ ಗಾಡಿ ಹೂತುಹೋಗುವುದನ್ನು ನೀವು ಕಂಡಿರಬಹುದು. ಎತ್ತುಗಳು ಮಂಡಿಯೂರುತ್ತವೆ, ಗಾಡಿ ಹೊಡೆಯುವವನು ಕೆಳಗಿಳಿದು ಚಕ್ರಕ್ಕೆ ಹೆಗಲು ಕೊಡುತ್ತಾನೆ, ಅದಕ್ಕೂ ಜಗ್ಗದಿದ್ದರೆ ಹೊರೆಯನ್ನು ಇಳಿಸುತ್ತಾನೆ. ಕಬ್ಬಿಣದ ಪಟ್ಟಿಯ ಕಿರಿದಾದ ಮರದ ಚಕ್ರ ಹೂತ ಎಡೆಯಲ್ಲಿ ಅಗಲವಾದ ಟೈರಿನ ಗಾಡಿ ದಾಟಿಹೋಗುವುದೂ ಉಂಟು. ಭಾರವು ಹೆಚ್ಚು ವಿಸ್ತೀರ್ಣದ ಮೇಲೆ ಹರಡಿದರೆ ನೆಲದ ಮೇಲಿನ ಒತ್ತಡ ಕಡಮೆಯಾಗುತ್ತದೆಂಬುದನ್ನು ನಮ್ಮ ರೈತ ಪುಸ್ತಕ ತೆರೆಯದೆಯೇ ಬಲ್ಲ. ಆದರೆ ಹೆಗಲು ಕೊಡುವವರಾರೂ ಇಲ್ಲದ ಕಡೆ ಗಾಡಿ ಹೂತರೆ ಗತಿಯೇನು? ಚಂದ್ರನ ಮೇಲೆ ಚಲಿಸುವ ಬಂಡಿಯನ್ನು ರೂಪಿಸಿದ ಬೆಂಗಳೂರಿನ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು.

ಇಂತಹ ಬಂಡಿಗೆ ರೋವರ್ ಎಂದು ಹೆಸರು. ಸೋವಿಯತ್ ಒಕ್ಕೂಟವು 1970ರಲ್ಲಿ ಚಂದ್ರನ ಮೇಲಿಳಿಸಿದ ಮೊದಲ ರೋವರ್ ಲೂನೋಖೋದ್-1; ಅದರ ತೂಕ 756 ಕಿಲೋಗ್ರಾಂ. ನಮ್ಮ ಚಂದ್ರಯಾನ-3ರ 'ಪ್ರಜ್ಞಾನ' ಕೇವಲ 26 ಕಿಲೋಗ್ರಾಂ, ಅಂದರೆ ಸರಿಸುಮಾರು ಅರ್ಧ ಮೂಟೆ ಸಕ್ಕರೆಯಷ್ಟು. ಇಷ್ಟು ಹಗುರವೇಕೆ? ಚಂದ್ರನ ಮೇಲೆ ವಾಯುಮಂಡಲವಿಲ್ಲವೆನ್ನಬಹುದಾದ್ದರಿಂದ ಅಲ್ಲಿ ಧುಮುಕುಕೊಡೆ ಬಿಚ್ಚಿ ಇಳಿಯಲಾಗದು. ವೇಗವನ್ನು ತಗ್ಗಿಸಲು ಎಂಜಿನುಗಳನ್ನೇ ಉರಿಸಬೇಕು. ಹೊರೆ ಹೆಚ್ಚಿದಂತೆಲ್ಲ ಇಂಧನವೂ ಹೆಚ್ಚಬೇಕು. ಆ ಇಂಧನವನ್ನು ಭೂಮಿಯಿಂದ ಮೇಲೆತ್ತುವ ರಾಕೆಟ್ಟೂ ದೊಡ್ಡದಾಗಬೇಕು. ಚಂದ್ರಯಾನ-3 ನೌಕೆಯ ಒಟ್ಟು ತೂಕ 3900 ಕಿಲೋಗ್ರಾಂ. ಅದರಲ್ಲಿ ನೆಲದ ಮೇಲೆ ಓಡಾಡಿದ್ದು ಈ 26 ಮಾತ್ರ.

ಹಗುರವಾದರೆ ಹೂಳುವ ಭಯವಿಲ್ಲವೆಂದು ನೀವು ಹೇಳಬಹುದು. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಪಾಲು. ಅಲ್ಲಿ ಪ್ರಜ್ಞಾನವು ಇಲ್ಲಿಯ ನಾಲ್ಕು ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ವಸ್ತುವಿನಂತೆ ನೆಲವನ್ನು ಒತ್ತುತ್ತದೆ. ತೊಡಕಿರುವುದೂ ಅಲ್ಲಿಯೇ. ಒತ್ತುವ ಬಲ ಕಡಮೆಯಾದರೆ ಚಕ್ರದ ಹಿಡಿತವೂ ಕಡಮೆಯಾಗುತ್ತದೆ. ನಯವಾದ ಧೂಳಿನಲ್ಲಿ ಅದು ನಿಂತಲ್ಲಿಯೇ ಜಾರಬಹುದು. ಆದುದರಿಂದ ಪ್ರಜ್ಞಾನಕ್ಕೆ ಆರು ಚಕ್ರಗಳನ್ನಿತ್ತು, ಪ್ರತಿಯೊಂದಕ್ಕೂ ಬೇರೆ ಬೇರೆ ಮೋಟಾರು ಜೋಡಿಸಿದರು. ಚಕ್ರಗಳನ್ನು ಕೀಲುಗಳಿರುವ ತೋಳುಗಳಿಗೆ ಕೂಡಿಸಿದ್ದರಿಂದ, ಒಂದು ಚಕ್ರ ಕಲ್ಲನ್ನೇರಿದರೂ ಉಳಿದವು ನೆಲವನ್ನು ಬಿಡುವುದಿಲ್ಲ.

ಇದನ್ನು ಪರೀಕ್ಷಿಸಲು ಚಂದ್ರನ ಮಣ್ಣು ಬೇಕಲ್ಲ! ತಮಿಳುನಾಡಿನ ನಾಮಕ್ಕಲ್ ಸೀಮೆಯ ಸಿತ್ತಂಪೂಂಡಿಯಲ್ಲಿ ಸಿಗುವ ಅನಾರ್ಥೋಸೈಟ್ ಎಂಬ ಶಿಲೆ ಚಂದ್ರನ ಎತ್ತರದ ಪ್ರದೇಶಗಳ ಶಿಲೆಯನ್ನು ಹೋಲುತ್ತದೆ. ಅದನ್ನು ಪುಡಿಮಾಡಿಸಿ ತಂದು ಬೆಂಗಳೂರಿನಲ್ಲಿ ಹರಡಿ, ಕೃತಕ ಚಂದ್ರನೆಲವನ್ನು ಸಿದ್ಧಪಡಿಸಿದರು. ಚಂದ್ರಯಾನ-2ರ ಸಿದ್ಧತೆಯ ಕಾಲದಲ್ಲಿ ರೋವರನ್ನು ಹೀಲಿಯಂ ತುಂಬಿದ ಬಲೂನಿಗೆ ಕಟ್ಟಿ, ಅದರ ಭಾರವನ್ನು ಚಂದ್ರನಲ್ಲಿರುವಷ್ಟಕ್ಕೆ ಇಳಿಸಿ ಓಡಿಸಿ ನೋಡಿದರು. ಉಪಾಯ ಸರಳ, ಜಾತ್ರೆಯಲ್ಲಿ ಬಲೂನು ಹಿಡಿದ ಮಗುವಿಗೂ ಹೊಳೆಯಬಹುದಾದದ್ದು. ಆದರೆ 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ, ಆ ರೋವರನ್ನು ಹೊತ್ತ 'ವಿಕ್ರಮ' ಚಂದ್ರನಿಗೆ ಅಪ್ಪಳಿಸಿ ಒಡೆಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಬಂಡಿ ಒಂದು ಅಂಗುಲವೂ ಉರುಳಲಿಲ್ಲ.

ಎರಡನೆಯ ವಿಕ್ರಮ 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಸುರಕ್ಷಿತವಾಗಿ ಇಳಿಯಿತು. ಪ್ರಜ್ಞಾನವು ಅದರ ಇಳಿಜಾರು ಹಲಗೆಯ ಮೇಲಿನಿಂದ ನೆಲಕ್ಕಿಳಿದು, ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಸಾಗಿತು. ಅದು ಭೂಮಿಯೊಡನೆ ನೇರವಾಗಿ ಮಾತನಾಡಲಾರದು. ವಿಕ್ರಮನಿಗೆ ಹೇಳಿದರೆ, ವಿಕ್ರಮ ಭೂಮಿಗೆ ತಿಳಿಸಬೇಕು. ಮಂಡ್ಯದಿಂದ ಮದ್ದೂರಿನ ಮೂಲಕ ಬೆಂಗಳೂರಿಗೆ ಹೋಗುವಾಗ ಬಿಡದಿ ಸಿಗುತ್ತದಷ್ಟೆ. ಅದರ ಉತ್ತರಕ್ಕಿರುವ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಇದೆ. ಚಂದ್ರನ ಕಡೆಯ ಮಾತನ್ನು ಆಲಿಸುವ ನಮ್ಮ ಕಿವಿ ಅದು. ಆಗಸ್ಟ್ 27ರಂದು ಪ್ರಜ್ಞಾನದ ಎದುರು, ಮೂರು ಮೀಟರ್ ದೂರದಲ್ಲಿ, ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಿತು. ವಿಜ್ಞಾನಿಗಳು ಬಂಡಿಯನ್ನು ಹಿಂದಿರುಗಿಸಿ ಬೇರೆ ದಾರಿ ಹಿಡಿಸಿದರು. ಬೆಂಗಳೂರಿನಲ್ಲಿಯೇ ತಯಾರಾದ ಲೇಸರ್ ಉಪಕರಣವು ದಕ್ಷಿಣ ಧ್ರುವದ ಕಡೆಯ ಆ ಮಣ್ಣಿನಲ್ಲಿ ಗಂಧಕವಿರುವುದನ್ನು ತೋರಿಸಿಕೊಟ್ಟಿತು.

ನೂರು ಮೀಟರಿಗೆ ತುಸು ಹೆಚ್ಚು ದೂರ ಕ್ರಮಿಸಿದ ಮೇಲೆ, ಸೆಪ್ಟೆಂಬರ್ 2ರಂದು ಅದನ್ನು ನಿದ್ರಾವಸ್ಥೆಗೆ ಕಳಿಸಲಾಯಿತು. ಚಂದ್ರನ ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘ. ಆಗಿನ ಶೀತ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಲೂನೋಖೋದ್ ವಿಕಿರಣಶೀಲ ಪೊಲೋನಿಯಂನ ಶಾಖದಿಂದ ಮೈ ಬೆಚ್ಚಗಿರಿಸಿಕೊಂಡು ಹತ್ತು ತಿಂಗಳು ಬದುಕಿತ್ತು. ಪುಟ್ಟ ಪ್ರಜ್ಞಾನದಲ್ಲಿ ಅಂತಹ ಒಲೆ ಇರಲಿಲ್ಲ. ಹಗುರತನಕ್ಕೆ ತೆತ್ತ ಬೆಲೆ ಇದೇ ಎಂದು ನನಗೆ ತೋರುತ್ತದೆ. ಸೆಪ್ಟೆಂಬರ್ 22ರ ಹೊತ್ತಿಗೆ ಅಲ್ಲಿ ಮತ್ತೆ ಬೆಳಗಾಯಿತು, ಇಲ್ಲಿಂದ ಕರೆದರು, ಉತ್ತರ ಬರಲಿಲ್ಲ.

ಜಪಾನಿನೊಡನೆ ಕೂಡಿ ಕೈಗೊಳ್ಳುವ ಚಂದ್ರಯಾನ-5ಕ್ಕೆ 2025ರಲ್ಲಿ ಅನುಮೋದನೆ ದೊರೆಯಿತು. ಅದು ಒಯ್ಯುವ ರೋವರಿನ ತೂಕ ಸುಮಾರು 250 ಕಿಲೋಗ್ರಾಂ ಎಂದು ಆಗ ತಿಳಿಸಲಾಯಿತು.