ನೆಲದಾಳದ ಪಾಕ

ಜಯನಗರದಲ್ಲಿ ಕೊಳವೆಬಾವಿ ಕೊರೆಯುವುದನ್ನು ನೀವು ನಿಂತು ನೋಡಿರಬಹುದು. ಮೇಲಿನ ಮಣ್ಣು ಮುಗಿದೊಡನೆ ಹೊರಬರುವುದು ಬರೀ ಕಲ್ಲಿನ ಪುಡಿ, ಅದೃಷ್ಟವಿದ್ದರೆ ನೀರು. ಇನ್ನೂ ಆಳಕ್ಕೆ ಕೊರೆದರೆ ಪೆಟ್ರೋಲಿಯಂ ಸಿಕ್ಕೀತೇ? ಸಿಗದು. ಏಕೆಂದು ತಿಳಿಯಲು ಎಣ್ಣೆ ಹುಟ್ಟುವ ಬಗೆಯನ್ನು ನೋಡೋಣ.

ಸಮುದ್ರ, ಸರೋವರಗಳ ತಳದಲ್ಲಿ ಸತ್ತ ಪಾಚಿ ಮತ್ತು ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಹೂತುಹೋಗುತ್ತವೆ. ಅದರ ಮೇಲೆ ಪದರದ ಮೇಲೆ ಪದರ ಬೀಳುತ್ತದೆ. ಕೆಸರು ಜೇಡಿಶಿಲೆಯಾಗುತ್ತದೆ, ಜೀವಿಗಳ ಅವಶೇಷ 'ಕೆರೋಜೆನ್' ಎಂಬ ಘನವಸ್ತುವಾಗುತ್ತದೆ. ಒಂದೊಂದು ಕಿಲೋಮೀಟರ್ ಆಳಕ್ಕೆ ಇಳಿದಂತೆ ಶಾಖ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ.

ಮನೆಯಲ್ಲಿ ಬೆಲ್ಲದ ಪಾಕ ಮಾಡುವುದನ್ನು ನೆನೆಯಿರಿ. ಉರಿ ಸಾಲದಿದ್ದರೆ ಪಾಕ ಬಾರದು, ಮೀರಿದರೆ ಸೀದುಹೋಗುತ್ತದೆ. ಕೆರೋಜೆನ್‌ನ ಕಥೆಯೂ ಇದೇ. ಸುಮಾರು 60 ಡಿಗ್ರಿಗಿಂತ ಕೆಳಗೆ ಅದು ಅಪಕ್ವ. ಸುಮಾರು 60ರಿಂದ 120 ಡಿಗ್ರಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ಅದರ ದೊಡ್ಡ ಅಣುಗಳು ಒಡೆದು ಎಣ್ಣೆಯಾಗುತ್ತದೆ. ಶಾಖ ಇನ್ನೂ ಏರಿದರೆ ಹೆಚ್ಚಾಗಿ ಅನಿಲವೇ ದೊರೆಯುತ್ತದೆ. ಶಾಖ ಕಡಿಮೆಯಿದ್ದಲ್ಲಿ ಹೆಚ್ಚು ಕಾಲ ಬೇಕು.

ಹೀಗೆ ಹುಟ್ಟಿದ ಎಣ್ಣೆ ಮೇಲಕ್ಕೆ ಸರಿದು ಮರಳುಗಲ್ಲು, ಸುಣ್ಣಕಲ್ಲುಗಳ ರಂಧ್ರಗಳಲ್ಲಿ ನೆಲೆಸುತ್ತದೆ. ಆದರೆ ಅಲ್ಲಿಯೂ ಅದು ಶಾಶ್ವತವಲ್ಲ. ಆ ಶಿಲೆ ಮತ್ತಷ್ಟು ಆಳಕ್ಕೆ ಕುಸಿದು 150 ಡಿಗ್ರಿ ದಾಟಿದರೆ, ಕಾಲಕ್ರಮೇಣ ಎಣ್ಣೆ ಒಡೆದು ಅನಿಲವಾಗುತ್ತದೆ. 80 ಡಿಗ್ರಿಗಿಂತ ತಂಪಾಗಿದ್ದರೆ ಬ್ಯಾಕ್ಟೀರಿಯಾಗಳು ಅದರ ಹಗುರ ಅಂಶವನ್ನು ತಿಂದು, ಮಂದವಾದ ಎಣ್ಣೆಯನ್ನು ಉಳಿಸಬಹುದು.

ಪಾಕ ಹದಕ್ಕೆ ಬಂದಿದೆಯೇ ಎಂದು ತಿಳಿಯುವುದು ಹೇಗೆ? ಶಿಲೆಯಲ್ಲಿರುವ ಮರದ ಅವಶೇಷದ ಕಣಗಳು ಬೆಂದಷ್ಟೂ ಹೊಳೆಯುತ್ತವೆ. ಭೂವಿಜ್ಞಾನಿಗಳು ಅವನ್ನು ನುಣುಪುಗೊಳಿಸಿ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಬಿದ್ದ ಬೆಳಕಿನ ಸುಮಾರು 0.6ರಿಂದ 1.3 ಶೇಕಡಾ ಮರಳಿ ಬಂದರೆ ಎಣ್ಣೆಯ ಹದವೆಂದು ಲೆಕ್ಕ. ಮುಂದೆ ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆದರೆ ಹಣ ವ್ಯರ್ಥ ಎಂಬ ತೀರ್ಮಾನಕ್ಕೆ ಈ ಅಳತೆಯೂ ಆಧಾರ.

ಈಗ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಮುಟ್ಟಿ ನೋಡಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಜಯನಗರ, ಬನಶಂಕರಿಗಳ ಕೆಳಗೂ ಇದೇ ನೈಸ್ ಶಿಲೆಯ ಹಾಸು. ಅದು ರೂಪುಗೊಂಡದ್ದು ಎಣ್ಣೆಯ ಹದವನ್ನು ಎಷ್ಟೋ ಪಟ್ಟು ಮೀರಿದ ಶಾಖದಲ್ಲಿ. ನಾವು ಕುಡಿಯುವ ಕಾವೇರಿ ಕಡಲು ಸೇರುವ ತಮಿಳುನಾಡಿನ ತೀರದಲ್ಲಾದರೋ ಪದರ ಶಿಲೆಗಳು ಕಿಲೋಮೀಟರುಗಟ್ಟಲೆ ದಪ್ಪವಿವೆ; ಅಲ್ಲಿ ಎಣ್ಣೆ, ಅನಿಲ ಎರಡೂ ದೊರೆಯುತ್ತವೆ.

ಲಕ್ಷಾಂತರ ವರ್ಷ ಕಾದು ಹದಗೊಂಡ ಈ ಪಾಕವನ್ನು ಸಿಗ್ನಲ್‌ನಲ್ಲಿ ಎಂಜಿನ್ ಆರಿಸದೆ ನಿಂತ ವಾಹನ ನಿಮಿಷಗಳಲ್ಲಿ ಸುಡುತ್ತದೆ. ಮತ್ತೆ ಪಾಕವಿಳಿಯುವವರೆಗೆ ಕಾಯಲು ನಮಗೆ ಕಾಲವೆಲ್ಲಿದೆ?