ಮಳೆಯ ಮಂಗಳೂರು, ಮಳೆಯಿಲ್ಲದ ಲಿಮಾ

ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ ಮಂಗಳೂರೂ ದಕ್ಷಿಣಕ್ಕೆ 12 ಡಿಗ್ರಿಯಲ್ಲಿ ಪೆರು ದೇಶದ ರಾಜಧಾನಿ ಲಿಮಾವೂ ಇದ್ದು, ಎರಡಕ್ಕೂ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಪರ್ವತಸಾಲು ಇರುವುದರಿಂದ, ಎರಡರ ಹವಾಗುಣವೂ ಒಂದೇ ಬಗೆಯದಾಗಿರಬೇಕೆಂದು ಭೂಪಟ ನೋಡಿದವರು ಊಹಿಸುವುದು ಸಹಜ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆಯಾದರೆ ಲಿಮಾದಲ್ಲಿ ಆಗುವುದು 20 ಮಿಲಿಮೀಟರಿಗೂ ಕಡಿಮೆ. ಆಟಿ ತಿಂಗಳಲ್ಲಿ ಕರಾವಳಿಯ ಒಂದು ಜಡಿಮಳೆ ಸುರಿಸುವ ನೀರು ಅಲ್ಲಿ ಇಡೀ ವರ್ಷಕ್ಕೂ ದಕ್ಕುವುದಿಲ್ಲ.

ಇದಕ್ಕೆ ಕಾರಣ ಅಕ್ಷಾಂಶವಲ್ಲ, ಕಡಲ ನೀರಿನ ತಾಪ ಮತ್ತು ಗಾಳಿಯ ದಿಕ್ಕು. ಮುಂಗಾರಿಗೆ ಮುನ್ನ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಕಾದಿರುತ್ತದೆ. ನೈಋತ್ಯ ಮಾರುತ ಅಲ್ಲಿನ ತೇವವನ್ನು ಹೊತ್ತು ದಡಕ್ಕೆ ಬೀಸಿ, ಘಟ್ಟಕ್ಕೆ ತಾಗಿ ಮೇಲೇರಿ, ತಣಿದು ಮಳೆಗರೆಯುತ್ತದೆ. ಲಿಮಾದ ಮುಂದೆ ಹರಿಯುವುದು ದಕ್ಷಿಣದಿಂದ ಬರುವ ತಣ್ಣನೆಯ ಹಂಬೋಲ್ಟ್ ಪ್ರವಾಹ. ಗಾಳಿಯೂ ದಡದ ಗುಂಟ ಬೀಸಿ ಮೇಲಿನ ನೀರನ್ನು ಆಚೆಗೆ ಸರಿಸುವುದರಿಂದ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಹೀಗೆ ಕಡಲಿಗೆ ತಾಗಿದ ಗಾಳಿ ತಂಪಾಗಿದ್ದು ಅದರ ಮೇಲಿನ ಪದರ ಬೆಚ್ಚಗಿರುವ ಸ್ಥಿತಿಯನ್ನು ಉಷ್ಣಾಂಶ ವಿಲೋಮ ಎನ್ನುತ್ತಾರೆ. ಈ ಮುಚ್ಚಳದ ಕೆಳಗೆ ಸಿಕ್ಕಿಬಿದ್ದ ಮೋಡ ಎತ್ತರಕ್ಕೆ ಬೆಳೆಯಲಾರದು, ಬೆಳೆಯದ ಮೋಡ ಮಳೆ ಸುರಿಸದು. ಪೂರ್ವದ ಅಮೆಜಾನ್ ಕಾಡಿನ ತೇವವನ್ನು ಆಂಡೀಸ್ ಪರ್ವತಗಳು ತಡೆಯುತ್ತವೆ. ಆ ಪರ್ವತಗಳಿಂದ ಇಳಿದು ಬರುವ ರಿಮಾಕ್ ನದಿ ಇಲ್ಲದಿದ್ದರೆ ಅಲ್ಲಿ ಇಷ್ಟು ದೊಡ್ಡ ನಗರ ಬಾಳುವುದು ಕಷ್ಟವಿತ್ತು.

ಹಾಗೆಂದು ಲಿಮಾದ ಗಾಳಿ ಒಣಗಿದೆಯೆಂದು ತಿಳಿಯಬಾರದು. ಮರುಭೂಮಿಯಾದರೂ ಅಲ್ಲಿನ ಆರ್ದ್ರತೆ, ಅಂದರೆ ಗಾಳಿಯಲ್ಲಿನ ನೀರಾವಿಯ ಪ್ರಮಾಣ, ಕರಾವಳಿಯವರಿಗೂ ಪರಿಚಿತವೆನಿಸುವಷ್ಟಿದೆ. ದಕ್ಷಿಣಾರ್ಧಗೋಳದಲ್ಲಿ ಋತುಗಳು ತಲೆಕೆಳಗಾಗಿರುವುದರಿಂದ ಜುಲೈ ತಿಂಗಳು ಅಲ್ಲಿ ಚಳಿಗಾಲ. ಆಗ ವಾರಗಟ್ಟಲೆ ಬೂದುಬಣ್ಣದ ಮೋಡ ಕವಿದು, ಗರೂವ ಎಂಬ ಜಿನುಗು ಹನಿ ಬೀದಿಯನ್ನು ಒದ್ದೆ ಮಾಡುತ್ತದೆಯೇ ಹೊರತು ಹರಿಯುವುದಿಲ್ಲ. ಊರಂಚಿನ ಗುಡ್ಡಗಳಲ್ಲಿ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುವ ಪದ್ಧತಿಯೂ ಇದೆ. ಜುಲೈಯಲ್ಲಿ ಸೂರ್ಯನ ಮುಖ ಕಾಣದಿರುವುದೊಂದೇ ಬಹುಶಃ ಎರಡೂ ಊರಿನವರ ಸಮಾನ ದೂರು.

ಹವಾಗುಣದ ಈ ವ್ಯತ್ಯಾಸವನ್ನು ಕಟ್ಟಡಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಮಂಗಳೂರಿನ ಹಳೆಯ ಮನೆಗಳಿಗೆ ಇಳಿಜಾರು ಹಂಚಿನ ಮಾಡು ಮತ್ತು ಗೋಡೆಯನ್ನು ಇರಚಲಿನಿಂದ ಕಾಯುವ ಅಗಲವಾದ ಸೂರು ಅನಿವಾರ್ಯವಾಗಿದ್ದರೆ, ಲಿಮಾದ ಮನೆಗಳ ಮಾಡು ಚಪ್ಪಟೆ. ಅಲ್ಲಿನ ಮೀರಾಫ್ಲೋರೆಸ್ ಬಡಾವಣೆಯಲ್ಲಿ ಹಸಿ ಇಟ್ಟಿಗೆಗಳನ್ನು ಪುಸ್ತಕಗಳಂತೆ ನೆಟ್ಟಗೆ ಜೋಡಿಸಿ ಕಟ್ಟಿದ ವಾಕಾ ಪುಕ್ಯಾನಾ ಎಂಬ ಪಿರಮಿಡ್ ಸಾವಿರ ವರ್ಷ ದಾಟಿಯೂ ನಿಂತಿದೆ. ಕರಾವಳಿಯ ಮಳೆಗೆ ಅದು ಕೆಲವೇ ವರ್ಷಗಳಲ್ಲಿ ಕರಗಿಹೋಗುತ್ತಿತ್ತು.

ಇಷ್ಟು ದೂರವಿದ್ದರೂ ಈ ಎರಡು ಕರಾವಳಿಗಳಿಗೆ ಒಂದು ನಂಟಿದೆ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮುಂಗಾರನ್ನು ಮುಂಗಾಣುವ ದಾರಿ ಹುಡುಕುತ್ತ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರ ಒಂದೆಡೆ ಏರಿದಾಗ ಇನ್ನೊಂದೆಡೆ ಇಳಿಯುವುದನ್ನು ಗುರುತಿಸಿದರು. ಪೆರುವಿನ ಕಡಲು ಬೆಚ್ಚಗಾಗುವ ಎಲ್ ನಿನೊ ಇದೇ ಏರಿಳಿತದ ಭಾಗವೆಂದು ಮುಂದೆ ತಿಳಿದುಬಂತು. ಅಂಥ ವರ್ಷಗಳಲ್ಲಿ ಪೆರುವಿನ ಉತ್ತರ ತೀರದ ಮರಳುಗಾಡಿನಲ್ಲಿ ನೆರೆ ಬರಬಹುದು, ಭಾರತದ ಮುಂಗಾರು ಸೊರಗಬಹುದು. ಆದರೆ 1997ರಲ್ಲಿ ಎಲ್ ನಿನೊ ಅತಿ ಪ್ರಬಲವಾಗಿದ್ದಾಗಲೂ ಮುಂಗಾರು ವಾಡಿಕೆಯಂತೆಯೇ ಸುರಿದುದರಿಂದ, ಈ ನಂಟನ್ನು ನಿಯಮವೆಂದು ಹಿಡಿಯಲು ಹವಾಮಾನ ತಜ್ಞರು ಇಂದಿಗೂ ಒಪ್ಪುವುದಿಲ್ಲ.